ಒಂದೇ ಸಾಲು ಹೆಜ್ಜೆ

ಎರಡು ಊರುಗಳ ನಡುವೆ ಒಂದು ಬೋಳುಗುಡ್ಡವಿತ್ತು. ಗುಡ್ಡದ ಈ ಮಗ್ಗುಲಲ್ಲಿ ಉಪ್ಪಿನೂರು, ಆ ಮಗ್ಗುಲಲ್ಲಿ ಉಣ್ಣೆಯೂರು. ಹತ್ತಿ ಮೇಲೆ ಹೋದರೆ ಶಿಖರವೇನೂ ಸಿಗುತ್ತಿರಲಿಲ್ಲ. ಮರವಿಲ್ಲದ, ಬಂಡೆಯಿಲ್ಲದ, ತಟ್ಟೆಯಂಥ ಬಯಲು. ಕಣ್ಣು ಹಾಯುವಷ್ಟು ದೂರ ಹುಲ್ಲು, ಕುರುಚಲು, ಜೌಗು. ಬೇಸಿಗೆಯಲ್ಲಿ ಆ ಬಯಲಿನ ಮೇಲೆ ಯಾರು ಎಲ್ಲಿ ಬೇಕಾದರೂ ನಡೆಯಬಹುದಿತ್ತು. ಹಿಮ ಬಿದ್ದ ಮೇಲೆ ಹಾಗಿಲ್ಲ. ಹಿಮದ ಮೇಲೆ ಒಂದೇ ಸಾಲು ಹೆಜ್ಜೆ ಇರಬೇಕು. ಮೊದಲು ಹೋದವರು ಎಲ್ಲಿ ಕಾಲಿಟ್ಟರೋ ಆಮೇಲೆ ಹೋಗುವವರೂ ಅಲ್ಲೇ ಕಾಲಿಡಬೇಕು, ಬರುವವರೂ ಅದೇ ಗುಳಿಯಲ್ಲಿ ಕಾಲಿಟ್ಟು ಬರಬೇಕು. ಗುಡ್ಡ ಕೌದಿ ಹೊದ್ದು ಮಲಗಿದೆ, ಒಂದು ಸಾಲು ಹೊಲಿಗೆಯನ್ನು ತಡೆದುಕೊಂಡೀತು, ಎರಡನೆಯದನ್ನು ಹಾಕಿದರೆ ಎದ್ದು ಕೂತೀತು ಎಂದು ಹಿರಿಯರು ಹೇಳುತ್ತಿದ್ದರು. ಎದ್ದು ಕೂತರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತಿತ್ತು. ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ.

ಹಾಗಾದರೆ ಆ ಸಾಲಿನ ಮೇಲೆ ಇಬ್ಬರು ಎದುರಾದರೆ? ಪಕ್ಕಕ್ಕೆ ಸರಿಯುವಂತಿಲ್ಲವಲ್ಲ. ಅದಕ್ಕೂ ಒಂದು ಕಟ್ಟಳೆ ಇತ್ತು. ಇಬ್ಬರೂ ನಿಲ್ಲಬೇಕು. ಕೋಲನ್ನು ಹಿಮದಲ್ಲಿ ಊರಬೇಕು. ಒಬ್ಬರನ್ನೊಬ್ಬರು ಗಟ್ಟಿಯಾಗಿ ಅಪ್ಪಿಕೊಳ್ಳಬೇಕು. ಅಪ್ಪಿಕೊಂಡೇ ಅರ್ಧ ಸುತ್ತು ತಿರುಗಬೇಕು. ಆಗ ಇವರ ಗುಳಿಯಲ್ಲಿ ಅವರು, ಅವರ ಗುಳಿಯಲ್ಲಿ ಇವರು. ಆಮೇಲೆ ಕೈಬಿಟ್ಟು, ಬೆನ್ನು ಹಾಕಿ, ತಿರುಗಿ ನೋಡದೆ ನಡೆದುಬಿಡಬೇಕು. ಗಂಡಸಾಗಲಿ ಹೆಂಗಸಾಗಲಿ, ನೆಂಟನಾಗಲಿ ಹಗೆಯಾಗಲಿ, ಎಲ್ಲರಿಗೂ ಇದೇ. ನಡುದಾರಿಯಲ್ಲಿ ಮನಸ್ಸು ಬದಲಿಸಿ ಒಬ್ಬರೇ ಹಿಂದಿರುಗುವುದೂ ಇಲ್ಲ. ಕಾಲು ಹಿಡಿದ ದಿಕ್ಕಿನ ಊರನ್ನು ಮುಟ್ಟಲೇಬೇಕು. ಚಳಿಗಾಲದಲ್ಲಿ ಆ ಎರಡೂರಿನವರು ಬೇಸಿಗೆಗಿಂತ ಅನ್ಯೋನ್ಯವಾಗಿರುತ್ತಿದ್ದರು. ಬೇರೆ ಉಪಾಯವಿರಲಿಲ್ಲ.

ಉಪ್ಪಿನೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಎರಡೂ ಊರಿಗೆ ಅವಳೊಬ್ಬಳೇ. ಅವಳಿಗೆ ಅವಳ ತಾಯಿ ಕಲಿಸಿದ್ದಳು, ತಾಯಿಗೆ ಅವಳ ತಾಯಿ. ಈ ಕೈಕಸುಬು ಮನೆ ಬಿಟ್ಟು ಆಚೆ ಹೋಗಕೂಡದು ಎನ್ನುವುದು ಆ ಮನೆಯ ಹಟ. ತನಗಿದ್ದ ಒಬ್ಬಳೇ ಮಗಳಿಗೆ ಕಲಿಸಬೇಕು ಎನ್ನುವಷ್ಟರಲ್ಲಿ ಮಗಳು ಉಣ್ಣೆಯೂರಿನ ಕಂಬಳಿ ನೇಯುವವನನ್ನು ಮದುವೆಯಾಗಿ ಗುಡ್ಡ ದಾಟಿಬಿಟ್ಟಳು.

ಆ ಮದುವೆಯ ಊಟದಲ್ಲೇ ಎಡವಟ್ಟಾದದ್ದು. ಹುಡುಗನ ತಾಯಿ ಸಾರು ಸಪ್ಪೆ ಅಂದಳು. ಉಪ್ಪಿನೂರಿನಲ್ಲಿ ಕೂತು, ಉಪ್ಪಿನೂರಿನವರ ಕಣ್ಣೆದುರಿಗೆ, ಎಲೆಯ ಮೇಲೆ ಬೆರಳಾಡಿಸುತ್ತಾ ಸಾರು ಸಪ್ಪೆ ಅಂದಳು! ಸೂಲಗಿತ್ತಿ ಸುಮ್ಮನಿರುವ ಪೈಕಿಯೇ? ನೀವು ಉಡುಗೊರೆ ಕೊಟ್ಟ ಕಂಬಳಿಗೆ ಹುಳ ಹಿಡಿದಿದೆ ಅಂದಳು. ಅಲ್ಲಿಗೆ ಬೀಗಿತ್ತಿಯರಿಬ್ಬರ ನಡುವೆ ಮಾತು ನಿಂತಿತು. ಕರೆಯದೆ ಅವರ ಹೊಸಿಲು ತುಳಿಯುವುದಿಲ್ಲವೆಂದು ಇವಳು ಆಣೆಯಿಟ್ಟಳು, ತಾನಾಗಿ ಕರೆಯುವುದಿಲ್ಲವೆಂದು ಅವಳು.

ಮಗಳು ಬಸುರಿ ಎಂಬ ಸುದ್ದಿಯನ್ನು ಉಪ್ಪು ಹೊರುವವರು ತಂದು ಹೇಳಿದರು. ದಿನ ತುಂಬುತ್ತಿವೆ ಎಂಬುದನ್ನೂ ಅವರೇ ಹೇಳಿದರು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ನಿಜ. ಆದರೆ ಕೇಳುವವರು ಯಾರು, ಕಳಿಸುವವರು ಯಾರು? ಇವರು ಬಾಯಿ ಬಿಡಲಿ ಎಂದು ಅವರು, ಅವರು ಬಾಯಿ ಬಿಡಲಿ ಎಂದು ಇವರು ಕಾದರು. ಕಾಯುತ್ತಾ ಕೂತಿರುವಾಗಲೇ ಹಿಮ ಬಿದ್ದು ಗುಡ್ಡ ಮುಚ್ಚಿಹೋಯಿತು.

ಒಂದು ಬೆಳಿಗ್ಗೆ ಸೂಲಗಿತ್ತಿಯ ಅಂಗೈ ಬೆಚ್ಚಗಾಯಿತು. ಎಲ್ಲೋ ಒಂದು ಕೂಸು ಹೊರಟಿದೆ ಎಂದರೆ ಅವಳ ಅಂಗೈಗೆ ಮೊದಲು ತಿಳಿಯುತ್ತಿತ್ತು. ಆದರೆ ಆವತ್ತಿನ ಬಿಸಿ ಎಂದಿನ ಬಿಸಿಯಾಗಿರಲಿಲ್ಲ, ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದ ಹಾಗೆ ಸುಡುತ್ತಿತ್ತು. ಅವಳಿಗೆ ಯಾರು ಎಂದು ಯೋಚಿಸುವ ಅಗತ್ಯ ಬೀಳಲಿಲ್ಲ. ಸಣ್ಣ ಚಾಕು, ನೂಲು, ಹರಳೆಣ್ಣೆಯ ಕುಡಿಕೆ ಸೆರಗಿನಲ್ಲಿ ಕಟ್ಟಿಕೊಂಡಳು. ಮೊಣಕಾಲಿನವರೆಗೆ ಕಂಬಳಿಪಟ್ಟಿ ಸುತ್ತಿದಳು. ಹೊಸಿಲು ದಾಟುವಾಗ ಆಣೆ ನೆನಪಾಗಿ, ಒಂದು ಖಾಲಿ ಚೀಲವನ್ನೂ ಹೆಗಲಿಗೆ ಹಾಕಿಕೊಂಡಳು. ಯಾರಾದರೂ ಕೇಳಿದರೆ ಉಣ್ಣೆ ಕೊಳ್ಳಲು ಬಂದೆ ಅಂದರಾಯಿತು.

ಏರು ಹತ್ತುವಾಗ ಹಿಮ ಮೊಣಕಾಲಿನಷ್ಟಿತ್ತು, ಬಯಲಿಗೆ ಬಂದಾಗ ತೊಡೆಯಷ್ಟಾಯಿತು. ಗುಳಿಯಿಂದ ಕಾಲೆತ್ತಬೇಕು, ಮುಂದಿನ ಗುಳಿಯಲ್ಲಿ ಇಡಬೇಕು, ಕೋಲು ಊರಬೇಕು, ಉಸಿರು ಬಿಡಬೇಕು. ಎತ್ತಬೇಕು, ಇಡಬೇಕು, ಊರಬೇಕು, ಬಿಡಬೇಕು. ಆಕಾಶವೂ ಬಿಳಿ, ನೆಲವೂ ಬಿಳಿ, ಎರಡರ ನಡುವೆ ಇಳಿದಿದ್ದ ಮಂಜೂ ಬಿಳಿ. ಗಾಳಿ ಹಿಮದ ಪುಡಿಯನ್ನೆಬ್ಬಿಸಿ ಮುಖಕ್ಕೆ ಎರಚುತ್ತಿತ್ತು. ಮುಂದೆ ನಾಲ್ಕಾರು ಗುಳಿ ಕಾಣುತ್ತಿದ್ದವು, ಹಿಂದೆಯೂ ಅಷ್ಟೇ. ತಾನು ನಡೆಯುತ್ತಿದ್ದೇನೋ ನಿಂತಲ್ಲೇ ಕಾಲೆತ್ತಿ ಇಡುತ್ತಿದ್ದೇನೋ ಎಂದು ಅವಳಿಗೆ ಅನುಮಾನವಾಗತೊಡಗಿತು. ಸೂಲಗಿತ್ತಿ ಹೆದರುವವಳಲ್ಲ. ಆದರೆ ಆ ಬಿಳುಪಿನಲ್ಲಿ ತನ್ನ ಕೈಯನ್ನೇ ಮತ್ತೆ ಮತ್ತೆ ಮುಂದೆ ಹಿಡಿದು ನೋಡಿಕೊಂಡಳು, ಇದೆಯಲ್ಲ ಎಂದು.

ಬಯಲಿನ ನಟ್ಟನಡುವೆ ಎದುರಿಗೆ ಒಂದು ಕಪ್ಪು ಕಂಡಿತು. ಕಪ್ಪು ಕಂಬಳಿಯಾಯಿತು, ಕಂಬಳಿಯೊಳಗೆ ಒಂದು ಮೂಗು, ಮೂಗಿನ ಕೆಳಗೆ ಬಿಗಿದ ತುಟಿ. ಅವಳ ಹೆಗಲ ಮೇಲೂ ಖಾಲಿ ಚೀಲ. ಬೀಗಿತ್ತಿ!

ಇಬ್ಬರೂ ನಿಂತರು. ಇಬ್ಬರೂ ಕೋಲು ಊರಿದರು.

"ಗಾಳಿ ಜೋರಾಗಿದೆ," ಎಂದಳು ಬೀಗಿತ್ತಿ, ಗಾಳಿಗೆ.

"ಜೋರಾಗೇ ಇದೆ," ಎಂದಳು ಸೂಲಗಿತ್ತಿ, ತನ್ನ ಕೋಲಿಗೆ.

"ಯಾರೋ ಉಣ್ಣೆ ಕೊಳ್ಳೋಕೆ ಹೊರಟ ಹಾಗಿದೆ."

"ಹೊರಟಿದಾರೆ. ಯಾರೋ ಉಪ್ಪು ಕೊಳ್ಳೋಕೆ ಹೊರಟ ಹಾಗೂ ಇದೆ."

"ಉಪ್ಪೇ. ಮನೇಲಿ ಒಂದು ಹರಳೂ ಇಲ್ಲ."

"ಎಲ್ಲಿರುತ್ತೆ? ಸಪ್ಪೆ ಸಪ್ಪೆ ಅಂತ ಸುರಕೊಂಡರೆ ಎಷ್ಟಿದ್ದರೂ ಸಾಲದು."

ಕಟ್ಟಳೆ ಕಟ್ಟಳೆಯೇ. ಇಬ್ಬರೂ ಮುಂದೆ ಬಾಗಿ, ಮುಖ ಬೇರೆ ಬೇರೆ ಕಡೆ ಮಾಡಿ, ಅಪ್ಪಿಕೊಂಡರು. ಸುತ್ತತೊಡಗಿದರು. ಅಷ್ಟರಲ್ಲಿ ಬೀಗಿತ್ತಿಯ ಮೈ ನಡುಗುವುದು ಸೂಲಗಿತ್ತಿಗೆ ತಿಳಿಯಿತು. ಮೊದಲು ಚಳಿಗೆ ಅಂದುಕೊಂಡಳು. ಕಿವಿಯ ಹತ್ತಿರ ಬಿಕ್ಕು ಕೇಳಿಸಿತು.

"ಉಪ್ಪಲ್ಲ ಕಣ್ರೀ," ಎಂದಳು ಬೀಗಿತ್ತಿ. "ಉಪ್ಪಿನ ಮನೆ ಹಾಳಾಗ. ಹುಡುಗಿಗೆ ಬೆಳಗಿನಿಂದ ನೋವು ಬರ್ತಿದೆ. ಕಂಬಳಿ ಮಾರೋಕೆ ಹೋದ ಮಗ ಹಿಮಕ್ಕೆ ಸಿಕ್ಕಿ ಇನ್ನೂ ಬಂದಿಲ್ಲ. ನಮ್ಮೂರಲ್ಲಿ ಯಾರಿಗೆ ಏನು ಗೊತ್ತು? ನಿಮ್ಮ ಕಾಲಿಗೆ ಬಿದ್ದಾದರೂ ಕರಕೊಂಡು ಹೋಗೋಣ ಅಂತ ಬಂದೆ."

"ಗೊತ್ತು ಕಣ್ರೀ. ನನ್ನದೂ ಉಣ್ಣೆ ಅಲ್ಲ," ಎಂದು ಸೂಲಗಿತ್ತಿಯೂ ಅತ್ತಳು.

ಈಗ ಇಬ್ಬರೂ ಹೋಗಬೇಕಾದದ್ದು ಉಣ್ಣೆಯೂರಿಗೇ. ಅರ್ಧ ಸುತ್ತಿದರೆ ಸೂಲಗಿತ್ತಿ ಮುಂದಾಗುತ್ತಾಳೆ, ಪೂರ್ತಿ ಸುತ್ತಿದರೆ ಬೀಗಿತ್ತಿ ಮುಂದಾಗುತ್ತಾಳೆ. ಯಾವುದಾದರೇನು ಎಂದು ನಿಮಗೂ ನನಗೂ ಅನಿಸುತ್ತದೆ. ಬೀಗಿತ್ತಿಯರಿಗೆ ಅನಿಸಬೇಕಲ್ಲ!

"ನಾನು ಮುಂದೆ ನಡೀತೀನಿ, ನನ್ನ ಕಾಲು ಚುರುಕು," ಎಂದು ಸೂಲಗಿತ್ತಿ ಒಂದು ಕಡೆ ಎಳೆದಳು.

"ನಮ್ಮ ಮನೆಗೆ ನೀವು ಮುಂದಾಗಿ ಹೋದರೆ ಊರವರು ಏನಂತಾರೆ? ಕರಕೊಂಡು ಹೋಗೋಳು ನಾನು," ಎಂದು ಬೀಗಿತ್ತಿ ಇನ್ನೊಂದು ಕಡೆ ಎಳೆದಳು.

ಅವಳು ಇವಳನ್ನು ತಿರುಗಿಸಿದಳು, ಇವಳು ಅವಳನ್ನು ತಿರುಗಿಸಿದಳು. ನಡುವೆ ಅಳು ಉಕ್ಕಿ ಬಂದು ಇಬ್ಬರೂ ಕಣ್ಣು ಮುಚ್ಚಿಕೊಂಡು ಸುಮ್ಮನೆ ತೂಗಿದರು. ಮತ್ತೆ ಎಳೆದಾಡಿದರು. ತಲೆ ಸುತ್ತಿ ಬಂದು ನಿಂತು, ಕೈಬಿಟ್ಟು, ಕಣ್ಣು ಒರೆಸಿಕೊಂಡು ನೋಡಿದರೆ ಈ ಕಡೆಯೂ ಒಂದು ಸಾಲು ಗುಳಿ, ಆ ಕಡೆಯೂ ಒಂದು ಸಾಲು ಗುಳಿ. ಕೋಲುಗಳು ಯಾವಾಗಲೋ ಬಿದ್ದು ಹಿಮದಲ್ಲಿ ಹೂತುಹೋಗಿದ್ದವು.

"ಎಷ್ಟು ಸುತ್ತಿದೆವು?" ಎಂದಳು ಸೂಲಗಿತ್ತಿ.

"ನೀವು ಎಣಿಸಲಿಲ್ವಾ?"

"ನೀವು ಎಣಿಸ್ತಿದೀರಿ ಅಂದುಕೊಂಡೆ."

ಮಂಜು ಇನ್ನಷ್ಟು ದಟ್ಟವಾಗಿತ್ತು. ಬಯಲಿಗೆ ಏರೂ ಇಲ್ಲ ಇಳಿಜಾರೂ ಇಲ್ಲ. ಹೋದವರದೂ ಬಂದವರದೂ ಒಂದೇ ಗುಳಿ, ಹಿಮ್ಮಡಿ ಯಾವುದು ಬೆರಳು ಯಾವುದು ಹೇಳುವಂತಿರಲಿಲ್ಲ. ಒಂದೇ ಸಾಲಿನಲ್ಲಿ ನಡೆಯುವುದನ್ನು ಅಷ್ಟು ಅಚ್ಚುಕಟ್ಟಾಗಿ ಕಲಿತ ಜನ ಅವರು.

"ಬರೋವಾಗ ಗಾಳಿ ನಿಮಗೆ ಯಾವ ಕಡೆಯಿಂದ ಹೊಡೀತಿತ್ತು?" ಎಂದು ಸೂಲಗಿತ್ತಿ ಕೇಳಿದಳು.

"ಬಲಗಡೆಯಿಂದ."

"ನನಗೂ ಬಲಗಡೆಯಿಂದಲೇ. ಅದು ಹೇಗಾಗುತ್ತೆ?"

"ನನ್ನನ್ನ ಕೇಳಿದರೆ? ಗಾಳೀನ ಕೇಳಿ."

ಸೂಲಗಿತ್ತಿ ಒಂದು ಕಡೆ ಕೈ ತೋರಿಸಿ ಉಣ್ಣೆಯೂರು ಇದೇ ಅಂದಳು. ಬೀಗಿತ್ತಿ ಇನ್ನೊಂದು ಕಡೆ ತೋರಿಸಿ ಇದೇ ಅಂದಳು. ಬೀಗಿತ್ತಿ ಬೇಸಿಗೆಯೆಲ್ಲ ಈ ಬಯಲಲ್ಲೇ ಕುರಿ ಮೇಯಿಸುವವಳು, ಅವಳು ಹೇಳಿದ್ದೇ ಸರಿಯಿರಬಹುದು ಎಂದು ಸೂಲಗಿತ್ತಿಗೆ ಅನಿಸಿತು. ಸೂಲಗಿತ್ತಿ ಬುದ್ಧಿವಂತೆ, ಅವಳು ಹೇಳಿದ್ದೇ ಇರಬಹುದು ಎಂದು ಬೀಗಿತ್ತಿಗೆ ಅನಿಸಿತು. ಇಬ್ಬರೂ ಮನಸ್ಸು ಬದಲಿಸಿ ಮತ್ತೆ ಕೈ ತೋರಿಸಿದರು. ಮತ್ತೆ ಬೇರೆ ಬೇರೆ ಕಡೆಗೇ ಆಯಿತು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಸೂಲಗಿತ್ತಿಯ ಅಂಗೈ ಉರಿಯುತ್ತಿತ್ತು. ತಾನು ಇಲ್ಲಿ ಗಾಳಿಯ ಲೆಕ್ಕ ಹಾಕುತ್ತಾ ನಿಂತಿರುವಾಗ ಅಲ್ಲಿ ಮಗಳು ಹಾಸಿಗೆಯ ಅಂಚು ಕಚ್ಚುತ್ತಿದ್ದಾಳೆ ಎಂದು ನೆನೆದಳು.

"ಇಬ್ಬರೂ ಒಂದೇ ಕಡೆ ಹೋಗಿ ಅದು ತಪ್ಪಾದರೆ ಹುಡುಗಿ ಹತ್ತಿರ ಯಾರೂ ಇರಲ್ಲ," ಎಂದಳು ಬೀಗಿತ್ತಿ. "ನೀವು ಆ ಕಡೆ ಹೋಗಿ. ನಾನು ಈ ಕಡೆ. ಒಬ್ಬರಂತೂ ಮುಟ್ತೀವಿ."

"ನೀವು ಮುಟ್ಟಿ ಏನು ಮಾಡ್ತೀರಿ? ಅಳ್ತೀರಿ."

"ಅಳಲ್ಲ. ಹೇಳಿಕೊಡಿ."

ಸೂಲಗಿತ್ತಿಗೆ ತಾಯಿಯ ಮುಖ ನೆನಪಿಗೆ ಬಂತು, ಕಸುಬು ಮನೆ ಬಿಟ್ಟು ಹೋಗಕೂಡದೆಂದು ತಾಯಿಗೆ ಕೊಟ್ಟ ಮಾತು ನೆನಪಿಗೆ ಬಂತು. ಎದುರಿಗಿದ್ದ ಹೆಂಗಸಿನ ಕೈ ನೋಡಿದಳು. ಉಣ್ಣೆ ಹಿಂಜಿ ಹಿಂಜಿ ಒಡೆದ, ಮಂದ ಬೆರಳಿನ ಕೈ. ಈ ಕೈ ತನ್ನ ಮಗಳನ್ನು ಮುಟ್ಟಬೇಕೇ? ಸಾರಿನ ಎಲೆಯ ಮೇಲೆ ಆಡಿದ ಬೆರಳು! ಆದರೆ ಅಲ್ಲಿ ಮಗಳಿದ್ದಳು, ಒಬ್ಬಳೇ ಇದ್ದಳು.

"ಚೀಲ ಕೊಡಿ ಇಲ್ಲಿ," ಎಂದಳು.

ಖಾಲಿ ಚೀಲಗಳೆರಡನ್ನೂ ಸುತ್ತಿ ಒಂದು ಕೂಸು ಮಾಡಿದಳು. ಬಿಳಿ ಬಯಲಿನ ನಡುವೆ, ಗುಳಿಯಲ್ಲೇ ಮಂಡಿಯೂರಿ, ಸೂಲಗಿತ್ತಿ ಹೆರುವವಳಾದಳು, ಬೀಗಿತ್ತಿ ಹಿಡಿಯುವವಳಾದಳು.

"ತಲೆ ಕಂಡ ಕೂಡಲೇ ಎಳೀಬೇಡಿ. ಕೈ ಒಡ್ಡಿ, ಅಷ್ಟೇ. ಅದಕ್ಕೆ ದಾರಿ ಗೊತ್ತು."

"ಹೀಗಾ?"

"ಹಾಗಲ್ಲ. ಕಂಬಳಿ ಮಡಚೋ ಹಾಗೆ ಹಿಡಿದರೆ? ತುಂಬಿದ ಕುಡಿಕೆ ಹಿಡಿಯೋ ಹಾಗೆ ಹಿಡೀರಿ. ಹಾಂ. ಹೊಕ್ಕುಳ ಬಳ್ಳಿ ಕೊರಳಿಗೆ ಸುತ್ತಿದ್ದರೆ ಬೆರಳು ತೂರಿಸಿ ತಲೆ ಮೇಲಿಂದ ತೆಗೆದುಬಿಡಿ. ಗಾಬರಿ ಬೀಳಬೇಡಿ. ನೀವು ಗಾಬರಿಯಾದರೆ ಅವಳಿಗೆ ತಿಳಿಯುತ್ತೆ."

"ಬಳ್ಳಿ ಯಾವಾಗ ಕೊಯ್ಯೋದು?"

"ಅದರ ಮಿಡಿತ ನಿಂತ ಮೇಲೆ. ಎರಡು ಕಡೆ ಬಿಗಿಯಾಗಿ ಕಟ್ಟಿ ನಡುವೆ ಕೊಯ್ಯಿರಿ. ಚಾಕು, ನೂಲು ಎರಡನ್ನೂ ಮೊದಲು ಕುದಿಯೋ ನೀರಲ್ಲಿ ಹಾಕಿ. ಕೂಸಿನ ಹಿಂದೆ ಬರೋ ಮಾಸು ಬೀಳೋ ತನಕ ಅವಳ ಪಕ್ಕದಿಂದ ಏಳಕೂಡದು. ಮನೆಗೆ ಬೆಂಕಿ ಬಿದ್ದರೂ ಏಳಕೂಡದು."

ಬೀಗಿತ್ತಿ ಚೀಲದ ಕೂಸನ್ನು ಹಿಡಿದಳು, ಬೀಳಿಸಿದಳು. ಮತ್ತೆ ಹಿಡಿದಳು. ಸೂಲಗಿತ್ತಿ ಬೈದಳು. ಬೈಯುತ್ತಾ ಬೈಯುತ್ತಾ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಇಲ್ಲಿ, ಇಲ್ಲಿ ಎಂದು ಕೂರಿಸಿದಳು. ಯಾವಾಗಲೋ ನೀವು ಹೋಗಿ ನೀನು ಆಗಿತ್ತು. ಕೊನೆಗೆ ಕೂಸು ಬೀಗಿತ್ತಿಯ ಕೈಯಲ್ಲಿ ನೆಟ್ಟಗೆ ನಿಂತಿತು. ಸೂಲಗಿತ್ತಿ ಸೆರಗು ಬಿಚ್ಚಿ ಚಾಕು, ನೂಲು, ಹರಳೆಣ್ಣೆ ಎಲ್ಲವನ್ನೂ ಅವಳ ಮಡಿಲಿಗೆ ಹಾಕಿದಳು.

"ನೀನು ಮುಟ್ಟಿದರೆ ನಿನಗೆ ಬೇಡ್ವೇನೇ?" ಎಂದಳು ಬೀಗಿತ್ತಿ.

"ನಾನು ಮುಟ್ಟಿದರೆ ಹಲ್ಲಲ್ಲಾದರೂ ಕಡೀತೀನಿ. ಹೊರಡು."

ಅಪ್ಪಿಕೊಳ್ಳಲಿಲ್ಲ, ಇನ್ನೆಲ್ಲಿ ಸುತ್ತಿಬಿಡುತ್ತೇವೋ ಎಂಬ ಭಯ. ಬೆನ್ನಿಗೆ ಬೆನ್ನು ಹಾಕಿ ನಡೆದರು.

ಎತ್ತಬೇಕು, ಇಡಬೇಕು, ಉಸಿರು ಬಿಡಬೇಕು. ಊರಲು ಈಗ ಕೋಲಿರಲಿಲ್ಲ. ಕೈಯೂರಿದರೆ ಮೊಣಕೈವರೆಗೆ ಹಿಮ. ಇದು ಉಣ್ಣೆಯೂರಿನ ದಾರಿ ಎಂದು ಸೂಲಗಿತ್ತಿ ತನಗೆ ತಾನೇ ಹೇಳಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, ಅಲ್ಲ ಎನಿಸಿತು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, ಹೌದು ಎನಿಸಿತು. ಹಿಮದಿಂದ ಮೇಲೆದ್ದ ಒಂದು ಕುರುಚಲು ಗಿಡ ಕಂಡಿತು, ಇದನ್ನು ಬರುವಾಗ ನೋಡಿದ್ದೆನೇ? ನೋಡಿದ್ದರೆ ಕೆಟ್ಟೆ. ನೋಡಿರಲಿಕ್ಕಿಲ್ಲ ಎಂದು ಕಣ್ಣು ಬೇರೆ ಕಡೆ ಹೊರಳಿಸಿದಳು. ತಾನೇ ತಲುಪಬೇಕು ಎಂದು ಬೇಡಿಕೊಂಡಳು. ಆಮೇಲೆ, ತಾನು ತಲುಪಿದರೆ ಆ ಮೂಢ ಹೆಂಗಸು ಕತ್ತಲಾಗುವಷ್ಟರಲ್ಲಿ ಉಪ್ಪಿನೂರಿಗೆ ಹೋಗಿ ಯಾರ ಬಾಗಿಲು ತಟ್ಟುತ್ತಾಳೋ ಎಂದು ಅವಳ ಚಿಂತೆಯೂ ಹತ್ತಿತು. ತನ್ನ ಮನಸ್ಸೇ ತನಗೆ ಅರ್ಥವಾಗದೆ ಅವಳು ಗಟ್ಟಿಯಾಗಿ ತನ್ನನ್ನೇ ಬೈದುಕೊಂಡಳು.

ನೆಲ ಇಳಿಯತೊಡಗಿತು. ಮಂಜು ತೆಳುವಾಯಿತು. ಕೆಳಗೆ ಹಿಮ ಹೊದ್ದ ಗುಪ್ಪೆಗಳು ಸಾಲಾಗಿ ಕಂಡವು. ಕುರಿ ದೊಡ್ಡಿಗಳಿರಬಹುದು, ಹೌದು, ದೊಡ್ಡಿಗಳೇ ಎಂದು ಅವಳ ಎದೆ ಹಾರಿತು. ಇನ್ನೂ ಹತ್ತಿರ ಹೋದಳು. ಉಪ್ಪಿನ ರಾಶಿಗಳು.

ಸೂಲಗಿತ್ತಿ ಅಲ್ಲೇ ಕುಸಿದು ಕೂತಳು. ಹಿಂದೆ ಹೊಸದಾಗಿ ಹಿಮ ಸುರಿಯಲು ಶುರುವಾಗಿ, ಗುಳಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಎರಡೂರಿನ ಕೂಸುಗಳನ್ನೆಲ್ಲ ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಮಗಳಿಗಾಗದ ಈ ಕೈ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಬಾಯಿಬಿಟ್ಟು ಅತ್ತಳು. ಉಪ್ಪು ಹೊರುವವರು ಬಂದು ಎಬ್ಬಿಸಿದರು. "ಇಷ್ಟು ಬೇಗ ಬಂದುಬಿಟ್ಟೆಯಲ್ಲವ್ವ, ಏನು ಕೂಸು?" ಎಂದು ಕೇಳಿದರು.

ಹಿಮ ದಿನಗಟ್ಟಲೆ ಸುರಿಯಿತು. ಅಂಗೈ ತಣ್ಣಗಾಗಿತ್ತು. ಕೂಸು ಹುಟ್ಟಿದ ಮೇಲೂ ಅದು ತಣ್ಣಗಾಗುತ್ತದೆ, ಕೂಸು ಹೋದರೂ ತಣ್ಣಗಾಗುತ್ತದೆ, ತಾಯಿ ಹೋದರೂ ಅಷ್ಟೇ. ಸೂಲಗಿತ್ತಿ ಉಣ್ಣಲಿಲ್ಲ. ಬೀಗಿತ್ತಿಗೆ ಬಳ್ಳಿಯ ವಿಷಯ ಹೇಳಿದೆನೋ ಇಲ್ಲವೋ, ಹೇಳಿದ್ದು ಅವಳಿಗೆ ನೆನಪಿರುತ್ತದೋ ಇಲ್ಲವೋ ಎಂದು ಒಲೆಯ ಮುಂದೆ ಕೂತು, ಗಾಳಿಯಲ್ಲಿ ಬೆರಳಾಡಿಸುತ್ತಾ ಹೇಳಿಕೊಟ್ಟದ್ದನ್ನೇ ಮತ್ತೆ ಮತ್ತೆ ಹೇಳಿಕೊಡುತ್ತಿದ್ದಳು.

ಆಕಾಶ ತಿಳಿಯಾದ ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಸೊಂಟದವರೆಗೆ ಹಿಮ ಮೆತ್ತಿಕೊಂಡು ಬೀಗಿತ್ತಿ ನಿಂತಿದ್ದಳು. ಮುಚ್ಚಿಹೋದ ಬಯಲಿನ ಮೇಲೆ ಹೊಸ ಸಾಲನ್ನು ಅವಳೇ ತುಳಿದು ಬಂದಿದ್ದಳು.

"ಹೆಣ್ಣು," ಎಂದಳು ಹೊಸಿಲಲ್ಲೇ. "ತಾಯಿ, ಮಗು ಇಬ್ಬರೂ ಚೆನ್ನಾಗಿದಾರೆ."

ಸೂಲಗಿತ್ತಿ ಎದ್ದಳು, ಕೂತಳು, ಮತ್ತೆ ಎದ್ದು ಗಂಜಿ ಬಿಸಿ ಮಾಡಿದಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಬಟ್ಟಲು ಕೊಟ್ಟರೆ ಬೀಗಿತ್ತಿ ತೆಗೆದುಕೊಳ್ಳಲಿಲ್ಲ.

"ಒಂದು ಮಾತು ಹೇಳಿಬಿಟ್ಟು ಆಮೇಲೆ ಕುಡೀತೀನಿ. ನೀನು ಬೈದರೂ ಸರಿ. ನೋವು ಏರಿದಾಗ ಅವಳಿಗೆ ಕಣ್ಣು ಕತ್ತಲೆ ಬಂದುಬಿಡ್ತು. ಅವ್ವಾ ಅಂತ ಕೂಗಿದಳು. ನನ್ನನ್ನಲ್ಲ, ನಿನ್ನನ್ನ. ನೀನು ಬರಲಿಲ್ಲ ಅನ್ನೋದಕ್ಕೆ ನನಗೆ ಬಾಯಿ ಬರಲಿಲ್ಲ ಕಣೇ. ನಾನು ಓ ಅಂದೆ. ಅವಳು ಕೂಗಿದಾಗಲೆಲ್ಲ ನಾನೇ ಓ ಅಂದೆ. ಅವ್ವ ಬಂದಿದಾಳೆ ಅಂತ ಧೈರ್ಯ ಬಂದು ಹೆತ್ತಳು. ಈಗಲೂ ನೀನೇ ಹೆರಿಗೆ ಮಾಡಿಸಿದ್ದು ಅಂತ ತಿಳಿದಿದಾಳೆ. ಅವ್ವ ನನಗೆ ಹೇಳದೆ ಎಲ್ಲಿಗೆ ಹೋದಳು ಅಂತ ಅಳ್ತಾಳೆ."

ಸೂಲಗಿತ್ತಿಗೆ ಎದೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಕೈಗುಣ ಕೊಟ್ಟಿದ್ದಳು, ಚಾಕು ಕೊಟ್ಟಿದ್ದಳು, ಮನೆತನದ ಗುಟ್ಟು ಕೊಟ್ಟಿದ್ದಳು. ಇದೊಂದನ್ನು ಕೊಟ್ಟಿರಲಿಲ್ಲ. ಹೊರಗೆ ಗುಡ್ಡ ಬೆಳ್ಳಗೆ ಬಿದ್ದುಕೊಂಡಿತ್ತು. ಅವಳು ಕಂಬಳಿಪಟ್ಟಿ ತೆಗೆದುಕೊಂಡು ಕಾಲಿಗೆ ಸುತ್ತತೊಡಗಿದಳು.

"ಹೇಗೆ ಅಂದೆ?" ಎಂದಳು, ತಲೆಯೆತ್ತದೆ.

"ಏನು?"

"ಓ ಅಂದೆಯಲ್ಲ. ಹೇಗೆ ಅಂದೆ? ಅಂದು ತೋರಿಸು."

ಬೀಗಿತ್ತಿ ನಾಚಿಕೊಂಡಳು. ಗಂಟಲು ಸರಿಮಾಡಿಕೊಂಡು, "ಓ" ಅಂದಳು.

"ಅಷ್ಟು ಬೇಗ ನಿಲ್ಲಿಸಬಾರದು. ಇನ್ನೂ ಸ್ವಲ್ಪ ಎಳೀಬೇಕು. ಕೊನೆಗೆ ಮೆತ್ತಗಾ‌ಗಬೇಕು, ಹೀಗೆ," ಎಂದು ಸೂಲಗಿತ್ತಿ ಅಂದು ತೋರಿಸಿದಳು. "ನಾನು ಇಲ್ಲದಾಗ ಕೂಗಿದರೆ ನೀನೇ ತಾನೆ ಅನ್ನಬೇಕಾದೋಳು. ಇನ್ನೊಂದು ಸಲ ಅನ್ನು."

ಬೀಗಿತ್ತಿ ಇನ್ನೊಂದು ಸಲ ಅಂದಳು. ಈ ಸಲ ಸರಿಯಾಗಿ ಬಂತು.